ಫ್ರೇಮಿನ ಕೆಳಗೆ ಕುಳಿತವರು

ಬಸ್ಸು ಕೆಂಗಲ್ ದಾಟಿ ರಾಮನಗರದ ಊರೊಳಗೆ ತಿರುಗಿತೆಂದರೆ ಜನ ಪಟಪಟ ಕಿಟಕಿ ಮುಚ್ಚುತ್ತಾರೆ. ರೇಷ್ಮೆಗೂಡು ಬೇಯಿಸುವ ವಾಸನೆ. ಮೊನ್ನೆ ಚನ್ನಪಟ್ಟಣದಿಂದ ಬರುವಾಗ ನನ್ನ ಪಕ್ಕದಲ್ಲಿದ್ದ ಕಾಲೇಜು ಹುಡುಗಿ ದುಪಟ್ಟಾ ಮೂಗಿಗೆ ಒತ್ತಿಕೊಂಡು, "ಆಂಟಿ, ಕಿಟಕಿ ಒಸಿ ಹಾಕ್ತೀರಾ?" ಎಂದಳು. ಹಾಕಿದೆ. ಆದರೆ ಹಾಕುವ ಮೊದಲು ಒಂದು ಸಲ ಎದೆ ತುಂಬ ಉಸಿರೆಳೆದುಕೊಂಡೆ. ಹುಡುಗಿ ನನ್ನನ್ನು ವಿಚಿತ್ರವಾಗಿ ನೋಡಿದಳು. ನೋಡಲಿ ಬಿಡಿ. ಆ ವಾಸನೆಯಲ್ಲಿ ನಾನು ಏಳು ವರ್ಷ ಅನ್ನ ತಿಂದಿದ್ದೇನೆ, ಮಧ್ಯಾಹ್ನದ ಬುತ್ತಿ ಬಿಚ್ಚಿದಾಗಲೆಲ್ಲ ಅದೂ ಜೊತೆಗೆ ಕುಳಿತಿರುತ್ತಿತ್ತು. ಇಷ್ಟು ವರ್ಷವಾದ ಮೇಲೂ ಅದು ಮೂಗಿಗೆ ಬಡಿದರೆ ನನಗೆ ನೆನಪಾಗುವುದು ಹುಳುವಲ್ಲ, ನೂಲಲ್ಲ. ಒಂದು ಆಷಾಢ ನೆನಪಾಗುತ್ತದೆ.

ಎರಡು ಸಾವಿರದ ದಶಕ ಇನ್ನೇನು ಮುಗಿಯಬೇಕು, ಆಗಿನ ಮಾತು. ನಾನು ಕನಕಪುರದ ಒಂದು ಫೋಟೋ ಸ್ಟುಡಿಯೋದಲ್ಲಿ ಮಿಕ್ಸಿಂಗ್ ಕೆಲಸಕ್ಕಿದ್ದೆ. ಮಿಕ್ಸಿಂಗ್ ಅಂದರೆ ಮದುವೆ ವಿಡಿಯೋ ಕತ್ತರಿಸಿ, ಅಂಟಿಸಿ, ಮೇಲೆ ಹೃದಯದ ಆಕಾರ ಹಾರಿಸಿ, ಸಿನಿಮಾ ಹಾಡು ಕೂಡಿಸಿ ಕೊಡುವುದು. ಅಂಗಡಿ ಮಹಡಿಯ ಮೇಲೆ, ಹಿಂದುಗಡೆ ಗೂಡು ಬೇಯಿಸಿ ನೂಲು ತೆಗೆಯುವವರ ಶೆಡ್ಡು. ಕಂಪ್ಯೂಟರ್ ರೂಮಿಗೆ ಇದ್ದ ಒಂದೇ ಕಿಟಕಿ ಆ ಶೆಡ್ಡಿನ ಕಡೆಗೇ ತೆರೆಯುತ್ತಿತ್ತು. ಮಾಲೀಕ ರಾಜಣ್ಣನಿಗೆ ಐವತ್ತರ ಹತ್ತಿರ ವಯಸ್ಸು. ಕ್ಯಾಮೆರಾ ಹೆಗಲಿಗಿಟ್ಟರೆ ಕೈ ಅಲುಗದು, ಬಾಯಿ ಮಾತ್ರ ಒಂದು ಗಳಿಗೆ ನಿಲ್ಲದು. ಹುಡುಗಿಯನ್ನು ಕಂಪ್ಯೂಟರ್ ಮುಂದೆ ಕೂರಿಸಿದ್ದಾನೆಂದು ಪೇಟೆಯವರು ಆಡಿಕೊಂಡಾಗ, "ನಿಮ್ಮ ಮದ್ವೆ ಕ್ಯಾಸೆಟ್ಟು ಅವಳ ಕೈಲೇ ಐತೆ, ಬಾಯಿ ಮುಚ್ಕಂಡಿರಿ" ಎಂದು ಹೆದರಿಸಿದ್ದ.

ಆ ವರ್ಷ ನಮ್ಮ ಕಡೆ ಎಲ್ಲವೂ ಒಟ್ಟಿಗೆ ಬದಲಾಗುತ್ತಿತ್ತು. ಹಾರೋಹಳ್ಳಿ ಕಡೆ ರಾಗಿ ಹೊಲಗಳಿಗೆ ಕಾಂಪೌಂಡು ಬಿದ್ದು ಶೆಡ್ಡುಗಳು ಏಳುತ್ತಿದ್ದವು. ಬೆಳಗಾದರೆ ಕಾರ್ಖಾನೆಯ ಬಸ್ಸುಗಳು ಹಳ್ಳಿಹಳ್ಳಿಗೆ ಹೋಗಿ ಹೆಣ್ಣುಮಕ್ಕಳನ್ನು ತುಂಬಿಕೊಂಡು ಬರುತ್ತಿದ್ದವು. ಮನೆಮನೆಗೂ ಗೋಡೆಗೆ ನೇತುಹಾಕುವ ಅಗಲದ ಟಿವಿ ಬರತೊಡಗಿತ್ತು. ಟಿವಿ ತಂದವರು ಮೊದಲು ಹಾಕಿ ನೋಡುತ್ತಿದ್ದದ್ದು ತಮ್ಮದೇ ಮದುವೆ. ನೋಡಿದರೆ ಏನಿದೆ? ಹಳೆಯ ಡಬ್ಬದ ಟಿವಿಯಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ಮುಖಗಳು ಇದರಲ್ಲಿ ಅಂಬಲಿಯ ಹಾಗೆ ಕದಡಿಹೋಗಿದ್ದವು. ಎರಡೂ ಪಕ್ಕ ಕಪ್ಪು ಪಟ್ಟಿ ಬೇರೆ. ಟಿವಿ ಅಂಗಡಿಯವನನ್ನು ಬೈದು, ಆಮೇಲೆ ನಮ್ಮಲ್ಲಿಗೆ ಬಂದು ನಮ್ಮನ್ನೂ ಬೈಯುತ್ತಿದ್ದರು.

ಆಷಾಢದಲ್ಲಿ ಮದುವೆಗಳಿಲ್ಲ. ಸ್ಟುಡಿಯೋದವರಿಗೆ ಅದು ನೊಣ ಹೊಡೆಯುವ ಕಾಲ. ರಾಜಣ್ಣ ಸುಮ್ಮನಿರುವ ಜಾಯಮಾನದವನಲ್ಲ. ಬೆಂಗಳೂರಿಗೆ ಹೋಗಿ ಯಾವುದೋ ಸಾಫ್ಟ್‌ವೇರಿನ ಸಿ.ಡಿ. ತಂದ, ಮೆಟ್ಟಿಲ ಬುಡದಲ್ಲಿ ಬೋರ್ಡು ತೂಗುಹಾಕಿದ: "ಹಳೆಯ ಮದುವೆ ಕ್ಯಾಸೆಟ್‌ಗಳನ್ನು ಹೆಚ್.ಡಿ. ಮಾಡಿಕೊಡಲಾಗುವುದು." ಆಷಾಢದ ಗಾಳಿಗೆ ಆ ಬೋರ್ಡು ದಿನವಿಡೀ ಗೋಡೆಗೆ ಬಡಿದುಕೊಳ್ಳುತ್ತಿತ್ತು.

ಹೆಚ್.ಡಿ. ಮಾಡುವುದೆಂದರೆ ಏನೆಂದು ಸರಳವಾಗಿ ಹೇಳಿಬಿಡುತ್ತೇನೆ. ಹಳೆಯ ಚಿತ್ರದಲ್ಲಿ ಒಂದು ಚುಕ್ಕಿ ಇದ್ದ ಜಾಗವನ್ನು ಹೊಸ ಟಿವಿಯಲ್ಲಿ ತುಂಬಲು ಹಲವು ಚುಕ್ಕಿ ಬೇಕು. ಇಲ್ಲದ ಚುಕ್ಕಿಗಳನ್ನು ಸಾಫ್ಟ್‌ವೇರು ಅಕ್ಕಪಕ್ಕದ್ದನ್ನು ನೋಡಿ, ಇಲ್ಲಿ ಹೀಗಿದ್ದಿರಬಹುದು ಎಂದು ಊಹಿಸಿ ತುಂಬುತ್ತದೆ. ಕ್ಯಾಸೆಟ್ಟಿನ ಮೇಲೆ ಕೂತ ಗಿಜಿಗಿಜಿಯನ್ನು ಒರೆಸುತ್ತದೆ. ಮೂರು ಗಂಟೆಯ ಮದುವೆಗೆ ಎರಡು ಮೂರು ದಿನ ಹಿಡಿಯುತ್ತಿತ್ತು, ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ. ನಾನು ಪರದೆಯ ಮೇಲಿನ ಹಸಿರು ಗೆರೆ ತೆವಳುವುದನ್ನು ನೋಡುತ್ತ, ಕಡಲೆಕಾಯಿ ಸುಲಿಯುತ್ತ ಕೂತಿರುತ್ತಿದ್ದೆ. ಈಗ ಯೋಚಿಸಿದರೆ ಅಷ್ಟು ನೆಮ್ಮದಿಯ ದಿನಗಳು ಆಮೇಲೆ ನನಗೆ ಸಿಕ್ಕಲಿಲ್ಲ.

ಕಷ್ಟ ಇದ್ದದ್ದು ಅಗಲದ ವಿಷಯದಲ್ಲಿ. ಹಳೆಯ ಚಿತ್ರ ಹೆಚ್ಚು ಕಡಿಮೆ ಚೌಕ, ಹೊಸ ಟಿವಿ ಉದ್ದನೆಯ ಹಲಗೆ. ಅಗಲಕ್ಕೆ ಎಳೆದರೆ ಮದುವಣಗಿತ್ತಿ ದಪ್ಪಗಾಗುತ್ತಾಳೆ. ಹಾಗೇ ಬಿಟ್ಟರೆ ಪಕ್ಕದಲ್ಲಿ ಕಪ್ಪು ಪಟ್ಟಿ, ಗಿರಾಕಿ ಒಪ್ಪುವುದಿಲ್ಲ. ಉಳಿದ ದಾರಿ ಒಂದೇ, ಚಿತ್ರ ದೊಡ್ಡದು ಮಾಡಿ ಮೇಲಿನಿಂದಲೋ ಕೆಳಗಿನಿಂದಲೋ ಕಾಲು ಭಾಗ ಕತ್ತರಿಸುವುದು. ರಾಜಣ್ಣ ಮೊದಲ ದಿನವೇ ಕಾನೂನು ಮಾಡಿದ್ದ. "ತಲೆ ಉಳಿಸು, ಕೆಳಗಿಂದು ಬುಟ್ಬುಡು. ಕೆಳಗೆ ಏನೈತೆ? ಕಾಲು, ಚಾಪೆ, ಕೂತಿರೋ ಜನ." ನಾನು ಕಣ್ಣುಮುಚ್ಚಿ ಕೆಳಗಿನದನ್ನು ಬಿಡುತ್ತ ಬಂದೆ.

ಗೌರಿ ಬಂದದ್ದು ಆಷಾಢದ ಎರಡನೇ ವಾರ. ಮೂವತ್ತರ ಆಸುಪಾಸಿನ ಹೆಂಗಸು, ಹಾರೋಹಳ್ಳಿಯ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ, ಕೊರಳಲ್ಲಿ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಪೇಪರಿನಲ್ಲಿ ಸುತ್ತಿದ ವಿ.ಹೆಚ್.ಎಸ್. ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು, ನಿಂತ ಕಾಲಲ್ಲೇ ಹೇಳಿದಳು:

"ಅಕ್ಕ, ಇದು ನಮ್ಮ ಮದ್ವೇದು, ನಿಮ್ಮ ಅಂಗಡೀಲೇ ತೆಗ್ದಿದ್ದು. ನಮ್ಮವ್ವ ಹೋದ ವರ್ಷ ತೀರ್ಕಂಡ್ಳು. ವೋಟಿನ ಕಾರ್ಡು ಬುಟ್ರೆ ಅವಳ್ದೊಂದು ಫೋಟ ಇಲ್ಲ. ಓಡಾಡೋ ಹಂಗೆ, ಮಾತಾಡೋ ಹಂಗೆ ಇರೋದು ಇದ್ರಲ್ಲೊಂದೇ. ಒಸಿ ನಿಗಾ ಮಾಡಿ."

"ಆಗ್ಲಿ, ನಿಮ್ಮವ್ವನ ಮುಖ ಕನ್ನಡೀಲಿ ನೋಡ್ದಂಗೆ ಮಾಡ್ಕೊಡ್ತೀನಿ, ಹೋಗು" ಎಂದೆ. ಧೈರ್ಯ ನೋಡಿ ನನ್ನದು. ಅವಳು ಮೆಟ್ಟಿಲಿಳಿಯುತ್ತ ತಿರುಗಿ ನಿಂತು, "ಆಷಾಢ ಬಂದ್ರೆ ಅವ್ವ ಕರೆಯಾಕ್ ಬರೋಳು ಕಣಕ್ಕ. ಮದ್ವೆಯಾಗಿ ಒಂಬತ್ತು ವರ್ಷ ಆದ್ರೂ ಬರೋಳು. ನಾನೇನ್ ಹೊಸ ಸೊಸೇನವ್ವ ಅಂತ ಬಯ್ತಿದ್ದೆ" ಎಂದು ಹೇಳಿ, ಬಸ್ಸಿನ ಹಾರನ್ನು ಕೇಳಿ ಓಡಿದಳು.

ಆ ಮಾತು ನನಗೆ ನಾಟಿತು. ಆ ಕ್ಯಾಸೆಟ್ಟಿಗೆ ನಾನು ಬೇರೆ ಯಾವ ಕ್ಯಾಸೆಟ್ಟಿಗೂ ಬಗ್ಗಿಸದಷ್ಟು ಮೈಬಗ್ಗಿಸಿದೆ. ದೊಡ್ಡಆಲಹಳ್ಳಿ ಕಡೆಯ ಒಂದು ಹಳ್ಳಿ, ಮನೆ ಮುಂದೆ ತೆಂಗಿನಗರಿಯ ಚಪ್ಪರ, ತಲೆತಗ್ಗಿಸಿ ನಿಂತ ಎಳೆಯ ಗೌರಿ. ಧಾರೆಯ ಹೊತ್ತಿಗೆ ಮದುವಣಗಿತ್ತಿಯ ಪಕ್ಕ ಕೆಂಪು ಅಂಚಿನ ರೇಷ್ಮೆ ಸೀರೆಯ ಹೆಂಗಸೊಬ್ಬಳು ಗಂಡನ ಜೊತೆ ನಿಂತು ಹಾಲು ಎರೆಯುತ್ತಿದ್ದಳು. ಇವಳೇ ತಾಯಿ ಎಂದುಕೊಂಡು ಆ ಮುಖದ ಮೇಲೆ ಎರಡು ದಿನ ಕೂತೆ. ಬಣ್ಣ ಸರಿಮಾಡಿದೆ, ನೆರಳು ತೆಗೆದೆ, ಮೂಗುಬೊಟ್ಟು ಹೊಳೆಯುವ ಹಾಗೆ ಮಾಡಿದೆ. ಪೆನ್ ಡ್ರೈವಿಗೆ ಹಾಕಿಟ್ಟು ಭಾನುವಾರಕ್ಕೆ ಕಾದೆ. ನನಗೆ ನನ್ನ ಕೈಗುಣದ ಬಗ್ಗೆ ಜಂಬವೂ ಬಂದಿತ್ತು.

ಭಾನುವಾರ ಗೌರಿ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಧಾರೆ ಬಂತು. ನಾನು ಓರೆಗಣ್ಣಿನಿಂದ ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಅಳಲಿಲ್ಲ. ಪರದೆಗೆ ಬಗ್ಗಿ ಆ ಕಡೆ ಈ ಕಡೆ ಹುಡುಕಿದಳು.

"ಅವ್ವ ಎಲ್ಲಿ?"

"ಇವ್ರಲ್ವಾ? ಹಾಲೆರೀತಾ ಇದಾರಲ್ಲ?"

"ಇವ್ರು ನಮ್ಮ ಚಿಕ್ಕವ್ವ. ನಮ್ಮಪ್ಪ ನಾನು ಎಳೇ ಮಗ ಇದ್ದಾಗ್ಲೇ ಹೋಗ್ಬುಟ್ರು ಅಕ್ಕ. ಮುಂಡೆ ಧಾರೆ ಎರೆಯಂಗಿಲ್ಲ ಅಂತ ಚಿಕ್ಕಪ್ಪ ಚಿಕ್ಕವ್ವನ ಕೈಲಿ ಎರೆಸಿದ್ರು. ಅವ್ವ ಮ್ಯಾಕ್ಕೇ ಬರ್ಲಿಲ್ಲ. ಕೆಳೀಕೆ ಸೋಬಾನೆಯೋರ ಜತೆ ಕೂತಿದ್ಲು." ಅವಳು ಪರದೆಯ ತಳದ ಅಂಚಿಗೆ ಬೆರಳಿಟ್ಟಳು. "ಇಲ್ಲಿ ಇದ್ಲು. ಮನೆ ಟಿವೀಲಿ ಇಲ್ಲಿ ಕಾಣಿಸೋಳು. ಎಲ್ಲೋದ್ಲು?"

ಅವಳು ಬೆರಳಿಟ್ಟ ಜಾಗದಲ್ಲಿ ಪರದೆ ಮುಗಿದು ಪ್ಲಾಸ್ಟಿಕ್ ಚೌಕಟ್ಟು ಶುರುವಾಗುತ್ತಿತ್ತು. ನಾನು ಹಳ್ಳಿಯವಳೇ. ಗಂಡ ಸತ್ತವಳು ಧಾರೆ ಎರೆಯುವುದಿಲ್ಲ ಎನ್ನುವುದು ನನಗೆ ಗೊತ್ತಿರದ ಸಂಗತಿಯಲ್ಲ. ಸೋಬಾನೆ ಹೇಳುವವರು ಚಾಪೆಯ ಮೇಲೆ, ಕ್ಯಾಮೆರಾದ ಮುಂದೆಯೇ ಕೂರುತ್ತಾರೆ ಎನ್ನುವುದೂ ಗೊತ್ತು. ಗೊತ್ತಿದ್ದೂ ಕತ್ತರಿಸಿದ್ದೆ. ಚಿಕ್ಕವ್ವನ ಮೂಗುಬೊಟ್ಟು ತೊಳೆದು ಹೊಳಪಿಸಿ, ಅವ್ವನನ್ನು ಕಸದ ಜೊತೆ ಗುಡಿಸಿಹಾಕಿದ್ದೆ.

"ಕೂತ್ಕೊ, ಎಲ್ಲೂ ಹೋಗಿಲ್ಲ" ಎಂದು ಮೂಲ ಚಿತ್ರ ತೆರೆದೆ. ಚೌಕದ ತಳದಲ್ಲಿ ಐದಾರು ಹೆಂಗಸರ ತಲೆಗಳು. ನಡುವೆ ಬಿಳಿಯ ಸೆರಗು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಮುಖ ಒಂದು ಪಕ್ಕಕ್ಕೆ ತಿರುಗಿಸಿ ಕೂತಿದ್ದವಳನ್ನು ಇವಳೇ ಅವ್ವ ಎಂದು ಗೌರಿ ತೋರಿಸಿದಳು. ಮಾದಮ್ಮ. ಬಾಯಿ ತೆರೆದು ಪದ ಎತ್ತುತ್ತಿದ್ದಾಳೆ.

"ಕೆಳಗಿನ್ದು ಉಳಿಸಿದ್ರೆ ಮೇಲಿಂದ ಕತ್ತರಿಸ್ಬೇಕು. ನಿನ್ನ ತಲೆ, ನಿನ್ನ ಗಂಡನ ತಲೆ ಎರಡೂ ಹೋಗ್ತವೆ" ಎಂದೆ.

"ಹೋಗ್ಲಿ ಬುಡಿ. ನಮ್ಮ ತಲೆ ದಿನಾ ನೋಡ್ಕಂಡೇ ಇರ್ತೀವಿ."

ಇಬ್ಬರೂ ನಕ್ಕೆವು. ನಗುತ್ತಲೇ ಅವಳು ಕಣ್ಣೊರೆಸಿಕೊಂಡಳು. ಮಾರನೇ ದಿನವೇ ಶುರು ಮಾಡಿದೆ. ಆ ಮೂಲೆಯನ್ನಷ್ಟೇ ಹಿಡಿದು ಪರದೆಯ ತುಂಬ ಹಿಗ್ಗಿಸಿದೆ. ಸಾಫ್ಟ್‌ವೇರು ತನಗೆ ತಿಳಿದ ಹಾಗೆ ಚುಕ್ಕಿ ತುಂಬಿ, ಗಿಜಿಗಿಜಿ ಒರೆಸಿ, ನುಣ್ಣನೆಯ ಒಂದು ಮುಖ ಮಾಡಿ ಕೊಟ್ಟಿತು. ಚೆನ್ನಾಗಿಯೇ ಇತ್ತು. ಮುಂದಿನ ಭಾನುವಾರ ಗೌರಿ ನೋಡಿದ ಕೂಡಲೇ ತಲೆ ಅಲ್ಲಾಡಿಸಿದಳು.

"ಇದು ನಮ್ಮವ್ವ ಅಲ್ಲ. ಹಚ್ಚೆ ಎಲ್ಲಿ?"

ಗಲ್ಲದ ಮೇಲೆ ಮೂರು ಹಚ್ಚೆಬೊಟ್ಟು ಇದ್ದವಂತೆ. ಮೂಲದಲ್ಲಿ ನೋಡಿದರೆ ಹೌದು, ಮಬ್ಬು ಹಸಿರಿನ ಕಲೆಯೊಂದಿತ್ತು. ಸಾಫ್ಟ್‌ವೇರಿಗೆ ಅದು ಕೊಳೆಯಾಗಿ ಕಂಡಿತ್ತು, ತೊಳೆದುಬಿಟ್ಟಿತ್ತು. ನಾನು ಒರೆಸುವುದನ್ನೆಲ್ಲ ನಿಲ್ಲಿಸಿ ಮತ್ತೆ ಮಾಡಿದೆ. ಎರಡು ಸಲ ಕರೆಂಟು ಹೋಯಿತು, ಎರಡು ಸಲವೂ ಮೊದಲಿಂದ ಹಿಡಿದೆ. ರಾಜಣ್ಣ ಬಾಗಿಲಲ್ಲಿ ನಿಂತು, "ಒಂದು ಮುದುಕಿಗೆ ಒಂದು ವಾರ ಕೂತ್ಕಂಡ್ರೆ ಉಳಿದ ಕ್ಯಾಸೆಟ್ಟು ನಿಮ್ಮಪ್ಪ ಮಾಡ್ತಾನಾ?" ಎಂದ. "ನಮ್ಮಪ್ಪಂಗೆ ಕಂಪ್ಯೂಟರ್ ಬರಲ್ಲ ರಾಜಣ್ಣ" ಎಂದೆ. ಗೊಣಗಿಕೊಂಡು ಹೋದ. ಕೊನೆಗೆ ಬಂದ ಚಿತ್ರ ಒರಟಾಗಿತ್ತು, ಗರಗರ ಎನ್ನುತ್ತಿತ್ತು. ಆದರೆ ಗಲ್ಲದ ಮೇಲೆ ಹಚ್ಚೆ ಇತ್ತು. ಅದನ್ನು ನೋಡಿ ಗೌರಿ ಪರದೆಯ ಮೇಲೆ ಅಂಗೈ ಇಟ್ಟಳು, ತೆಗೆಯಲೇ ಇಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳು ಕೇಳಿದಳು: "ಅಕ್ಕ, ಈ ಸಿನಿಮಾ ಹಾಡು ತೆಗ್ದು ಅವ್ವನ ಹಾಡು ಮಡಗ್ಬೌದಾ?"

ಅಲ್ಲಿಯವರೆಗೂ ನನಗೆ ಆ ಯೋಚನೆಯೇ ಬಂದಿರಲಿಲ್ಲ. ಮಿಕ್ಸಿಂಗ್ ಮಾಡುವಾಗ ಮದುವೆಮನೆಯ ಸದ್ದನ್ನೆಲ್ಲ ಅಳಿಸಿ ಅದರ ಮೇಲೆ ಹಾಡು ಕೂಡಿಸುವುದು ನಮ್ಮ ಕಸುಬಿನ ಪದ್ಧತಿ. ವಾದ್ಯ, ಗದ್ದಲ, ಮಕ್ಕಳ ಅಳು, ಸೋಬಾನೆ, ಎಲ್ಲ ಒಂದೇ ಗುಡಿಸು. ನಾನು ಎಷ್ಟು ಮದುವೆಗಳನ್ನು ಹಾಗೆ ಗುಡಿಸಿದ್ದೆನೋ. ಅಳಿಸುವ ಮೊದಲಿನ ಕ್ಯಾಸೆಟ್ಟು ಇರಬಹುದೇ ಎಂದು ರಾಜಣ್ಣನನ್ನು ಕೇಳಿದೆ. ಅವನ ಬಾಯಿ ಅವತ್ತೊಂದು ದಿನ ಮೆತ್ತಗಾಯಿತು.

"ಅದನ್ನ ಯಾರವ್ವ ಮಡೀಕತ್ತಾರೆ? ಮುಂದಿನ ಮದ್ವೆ ಅದ್ರ ಮ್ಯಾಲೇ ಹಿಡೀತಿದ್ವಿ. ಅದಾದ್ಮೇಲೆ ಇನ್ನೊಂದು. ಆ ಹೆಂಗ್ಸು ಹೇಳಿದ್ದು ನನ್ಗೆ ಗ್ಯಾಪ್ನ ಐತೆ ಕಣೆ. ಕಂಚಿನಂತ ಗಂಟ್ಲು. ಕಿವೀಲಿ ಕೇಳ್ಕಂಡೆ, ಅಂಗ್ಡೀಗ್ ಬಂದು ಅಳಿಸ್ದೆ."

ಗೌರಿ ಇದನ್ನು ಕೇಳಿ ತಲೆ ತಗ್ಗಿಸಿದಳು. "ನಿಮ್ಮದೇನೂ ತಪ್ಪಿಲ್ಲ. ಹಾಡಿನ ಪಟ್ಟಿ ಬರ್ಕೊಟ್ಟೋಳು ನಾನೇ. ಹಳ್ಳಿ ಪದ ಇರಂಗಿಲ್ಲ, ಗಂಡನ ಮನೆಯೋರು ನಗ್ತಾರೆ ಅಂದಿದ್ದೆ. ಅವ್ವ ಪಕ್ಕದಲ್ಲೇ ನಿಂತ್ಕಂಡು ಕೇಳ್ತಾ ಇದ್ಲು."

ರಾಜಣ್ಣ ಮೆಲ್ಲಗೆ ಹೊರಗೆ ಹೋದ. ಮುಖ ಹಿಗ್ಗಿಸಬಹುದು, ಎಷ್ಟು ಹಿಗ್ಗಿಸಿದರೂ ತುಟಿಯಿಂದ ದನಿ ಬರುವುದಿಲ್ಲ. ಕೊನೆಗೆ ನಾನೇ ಕೇಳಿದೆ: "ಚಾಪೆ ಮೇಲೆ ಕೂತಿರೋರಲ್ಲಿ ಯಾರಾದ್ರೂ ಬದುಕಿದಾರಾ?"

ಆಷಾಢದ ಕೊನೆಯ ಭಾನುವಾರ ಗೌರಿ ಒಬ್ಬ ಮುದುಕಿಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಳು. ನಿಂಗಮ್ಮತ್ತೆ, ಮಾದಮ್ಮನ ಪಕ್ಕದ ಮನೆಯವಳು, ಎಪ್ಪತ್ತು ದಾಟಿತ್ತು. ಒಳಗೆ ಬಂದವಳೇ ಹಿಂದಿನ ದಿನದ ವಾಸನೆಗೆ ಮೂಗು ಅರಳಿಸಿ, "ಗೂಡು ಚೆನ್ನಾಗ್ ಬೆಂದಿಲ್ಲ ಇವ್ರದ್ದು" ಎಂದು ತೀರ್ಪು ಕೊಟ್ಟು ಸ್ಟೂಲಿನ ಮೇಲೆ ಕೂತಳು. ಊರಲ್ಲಿ ಯಾರ ಮನೆಯಲ್ಲಿ ಶುಭಕಾರ್ಯವಾದರೂ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದರಂತೆ. ಮಾದಮ್ಮ ಒಂದು ಸಾಲು ಎತ್ತಿಕೊಡುವುದು, ನಿಂಗಮ್ಮತ್ತೆ ಅದರ ಸೊಲ್ಲು, ಅಂದರೆ ಮರುಸಾಲು, ಹಿಡಿಯುವುದು.

ನಾನು ಸಿನಿಮಾ ಹಾಡು ತೆಗೆದುಹಾಕಿ ಚಿತ್ರ ಓಡಿಸಿದೆ. ಪರದೆಯ ತುಂಬ ಮಾದಮ್ಮ, ಅರ್ಧ ಮುಖ, ಬಿಳಿ ಸೆರಗು. ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. "ಅಯ್ಯೋ ಮಾದಕ್ಕ" ಎಂದಳು ಅಷ್ಟೇ. ಪರದೆಯಲ್ಲಿ ತುಟಿ ಆಡತೊಡಗಿತು. ಸ್ವಲ್ಪ ಹೊತ್ತು ಅವಳ ತುಟಿಯನ್ನೇ ನೋಡಿ, "ಇದು ಧಾರೆ ಪದ. ಹೆಣ್ಣು ಒಪ್ಪಿಸಿ ಕೊಡೋದು" ಎಂದು ಗುರುತು ಹಿಡಿದಳು. ನಾನು ಮೈಕು ಅವಳ ಮುಂದಿಟ್ಟು, ಚಿತ್ರವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಶುರು ಮಾಡಿದೆ. ಮಾದಮ್ಮನ ತುಟಿ ಆಡಿ ನಿಂತಿತು. ನಿಂತ ಕೂಡಲೇ ಮುದುಕಿ ಸೊಲ್ಲು ಹಿಡಿದಳು. ಒಡೆದ ದನಿ, ಆದರೆ ಅಲುಗಾಡದ ದನಿ. ಹಿಡಿದು ಮುಗಿಸಿ ಸುಮ್ಮನಾದಳು. ಮತ್ತೆ ಪರದೆಯಲ್ಲಿ ತುಟಿ ಆಡಿತು, ರೂಮಿನಲ್ಲಿ ಸದ್ದಿಲ್ಲ. ಮತ್ತೆ ಮುದುಕಿಯ ಸೊಲ್ಲು.

ನಾನು ನಿಲ್ಲಿಸಿದೆ. "ಅಜ್ಜಿ, ಎರಡು ಸಾಲೂ ನೀವೇ ಹೇಳ್ಬುಡಿ. ಖಾಲಿ ಬಿದ್ದದ್ದನ್ನ ನಾನು ಕೂಡಿಸ್ಕತೀನಿ."

ನಿಂಗಮ್ಮತ್ತೆಗೆ ಸಿಟ್ಟು ಬಂತು. "ಎತ್ತೋದು ಅವಳ್ದು. ನಾನು ಇಷ್ಟು ವರ್ಷದಲ್ಲಿ ಒಂದು ದಿವ್ಸಾನೂ ಎತ್ತಿಲ್ಲ. ಅವಳು ಸತ್ಲು ಅಂತ ಈಗ ಕಿತ್ಕಬೇಕಾ?"

"ಹಂಗಾದ್ರೆ ಗೌರಿ ಹೇಳ್ಲಿ. ಮಗಳಲ್ವಾ?"

ಮುದುಕಿ ಗೌರಿಯ ಕಡೆ ತಿರುಗಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. "ನಿಂಗೆ ಬಂದದಾ ಮಗ?"

ಗೌರಿ ಇಲ್ಲವೆಂದು ತಲೆಯಾಡಿಸಿದಳು. "ಬರಾಕಿಲ್ಲ ಅತ್ತೆ. ಅವ್ವ ಹೇಳ್ಕೊಡ್ತೀನಿ ಬಾ ಅಂತ ಕರೀತಿದ್ಲು, ನಾನು ಕೂರ್ತಿರ್ಲಿಲ್ಲ." ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು. "ಕೂಡಿಸ್ಬ್ಯಾಡಿ ಅಕ್ಕ. ಹಂಗೇ ಇರ್ಲಿ. ಮೊದಲಿಂದ ಹಾಕಿ."

ಹಾಕಿದೆ. ಕೆಳಗಿನ ಶೆಡ್ಡಿನಲ್ಲಿ ಅವತ್ತು ರಜೆ, ಗಾಳಿಯೂ ಒಂದಿಷ್ಟು ತಗ್ಗಿತ್ತು. ಮಾದಮ್ಮನ ಸಾಲಿನ ಹೊತ್ತಿಗೆ ನಾವು ಮೂವರೂ ಉಸಿರು ಬಿಗಿಹಿಡಿದು ಅವಳ ತುಟಿ ನೋಡುತ್ತಿದ್ದೆವು. ನಿಂಗಮ್ಮತ್ತೆಯ ಸೊಲ್ಲು ಬಂದು ಹೋಗುತ್ತಿತ್ತು. ಮೂರನೆಯ ಸಾಲೋ ನಾಲ್ಕನೆಯದೋ ಇರಬೇಕು, ನಾನು ಗೌರಿಯ ಕಡೆ ನೋಡಿದೆ. ಅವಳು ತಾಯಿಯ ತುಟಿಯನ್ನೇ ಹಿಂಬಾಲಿಸುತ್ತಿದ್ದಳು. ಅದು ತೆರೆದಾಗ ತಾನೂ ತೆರೆಯುತ್ತಿದ್ದಳು, ಅದು ಕೂಡಿದಾಗ ತಾನೂ ಕೂಡಿಸುತ್ತಿದ್ದಳು. ಪರದೆಯ ಒಳಗೆ ಅವ್ವ, ಹೊರಗೆ ಮಗಳು, ಇಬ್ಬರ ಬಾಯಲ್ಲೂ ದನಿಯಿಲ್ಲ. ಮುದುಕಿ ಅದನ್ನು ಕಂಡಳು. ಪದ ಮುಗಿದ ಮೇಲೂ ಏಳದೆ, ಗೌರಿಯ ಮೊಣಕಾಲಿನ ಮೇಲೆ ಕೈಯಿಟ್ಟು, "ಇನ್ನೊಂದ್ಸಲ ಹಾಕವ್ವ" ಎಂದು ನನಗೆ ಹೇಳಿದಳು. "ಮಗ ಕಲೀತಾ ಅವ್ಳೆ."